ಹೊಕ್ಕುಳಬಳ್ಳಿಯ ಸಾಕ್ಷಿ

1961ರ ಒಂದು ದಿನ. ಜಪಾನಿನ ಕ್ಯೂಷೂ ದ್ವೀಪದಲ್ಲಿ ಮಿನಮಾಟ ಎಂಬ ಕಡಲೂರು. ಕುಮಮೊಟೊ ವಿಶ್ವವಿದ್ಯಾಲಯದ ಯುವ ವೈದ್ಯ ಮಸಝುಮಿ ಹರಾದ ಊರು ತಿರುಗುತ್ತಾ ಒಂದು ಮನೆಯ ಮುಂದೆ ನಿಂತರು. ಜಗುಲಿಯ ಮೇಲೆ ಅಣ್ಣತಮ್ಮ ಇಬ್ಬರು ಹುಡುಗರು ಆಡಿಕೊಂಡಿದ್ದರು. ಇಬ್ಬರ ಕಾಯಿಲೆಯ ಲಕ್ಷಣಗಳೂ ಒಂದೇ. ನೋಡಿದ ಯಾರೇ ಆದರೂ ಇಬ್ಬರಿಗೂ ಒಂದೇ ರೋಗ ಎನ್ನುತ್ತಿದ್ದರು.

ತಾಯಿ ಬಂದಳು. ಹರಾದ ವಿಚಾರಿಸಿದರು. ದೊಡ್ಡವನಿಗೆ ಮಿನಮಾಟ ರೋಗ ಎಂದು ವೈದ್ಯರು ಬರೆದುಕೊಟ್ಟಿದ್ದರು. ಚಿಕ್ಕವನಿಗೆ ಮಾತ್ರ ಅದಲ್ಲ, ಅವನದು ಹುಟ್ಟಿನಿಂದ ಬಂದ ಸೆರೆಬ್ರಲ್ ಪಾಲ್ಸಿ ಎಂದಿದ್ದರು. ಅವರ ತರ್ಕ ಸರಳವಾಗಿತ್ತು. ಮಿನಮಾಟ ರೋಗ ಬರುವುದು ಊರಿನ ಮುಂದಿನ ಕೊಲ್ಲಿಯ ಮೀನು ತಿಂದವರಿಗೆ. ಚಿಕ್ಕವನು ಒಂದು ತುಂಡು ಮೀನನ್ನೂ ಬಾಯಿಗಿಟ್ಟವನಲ್ಲ. ತಾಯಿಗೆ ಈ ತರ್ಕ ಒಪ್ಪಿಗೆಯಾಗಿರಲಿಲ್ಲ. ಮೀನು ತಿಂದವಳು ತಾನು, ಆಗ ಹೊಟ್ಟೆಯಲ್ಲಿದ್ದವನು ಇವನು, ತಾನು ತಿಂದ ವಿಷ ಇವನಿಗೆ ಇಳಿಯಿತು ಎಂದು ಆಕೆ ಹರಾದರಿಗೆ ಹೇಳಿದಳು. ಅದೇ ಹೊತ್ತಿನಲ್ಲಿ ಊರಿನಲ್ಲಿ ಹುಟ್ಟಿದ ಇನ್ನಷ್ಟು ಮಕ್ಕಳು ಹೀಗೇ ಇದ್ದಾರೆ, ಹೋಗಿ ನೋಡಿ ಎಂದಳು.

ಹರಾದ ಹೋಗಿ ನೋಡಿದರು.

ಅಂದಿನ ವೈದ್ಯ ಪುಸ್ತಕಗಳು ಆ ತಾಯಿಯ ಮಾತಿಗೆ ವಿರುದ್ಧವಾಗಿದ್ದವು. ತಾಯಿಗೂ ಕೂಸಿಗೂ ನಡುವೆ ಇರುವ ಮಾಸು ಒಂದು ಗಟ್ಟಿ ಜರಡಿ, ಅದು ವಿಷವನ್ನು ತಡೆದು ಕೂಸನ್ನು ಕಾಯುತ್ತದೆ ಎಂಬ ನಂಬಿಕೆ ಬೇರೂರಿತ್ತು. ಅಲ್ಲದೆ ಇಂಥ ಎಷ್ಟೋ ಮಕ್ಕಳ ತಾಯಂದಿರು ನಡೆದಾಡಿಕೊಂಡು, ಕೆಲಸ ಮಾಡಿಕೊಂಡು ಇದ್ದರು. ತಾಯಿಗೆ ತಾಗದ ವಿಷ ಕೂಸಿಗೆ ಹೇಗೆ ತಾಗೀತು? ಗರ್ಭಿಣಿ ಮೀನು ತಿಂದರೆ ಮಗುವಿನ ಮೆದುಳಿಗೆ ಏನಾಗುತ್ತದೆ ಎಂಬ ಪ್ರಶ್ನೆಯ ಹಿಂದೆ ವಿಜ್ಞಾನ ಅರ್ಧ ಶತಮಾನ ನಡೆದದ್ದು ಇಲ್ಲಿಂದ. ಆ ದಾರಿಯ ಮೊದಲ ಹೆಜ್ಜೆ ಇಟ್ಟವಳು ಜಗುಲಿಯಲ್ಲಿ ನಿಂತ ಆ ತಾಯಿ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಮಿನಮಾಟದ ಹಿಂದಿನ ಕತೆ ಹಲವರಿಗೆ ಗೊತ್ತಿರಬಹುದು. ಚಿಸ್ಸೊ ಎಂಬ ಕಾರ್ಖಾನೆ 1932ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿತ್ತು. ಅದಕ್ಕೆ ಬಳಸುತ್ತಿದ್ದ ಪಾದರಸದ ಒಂದು ಪಾಲು ಮೀಥೈಲ್ ಪಾದರಸವಾಗಿ ಕೊಲ್ಲಿಯ ನೀರು ಸೇರುತ್ತಿತ್ತು. ಕಡಲಿನ ಕಣ್ಣಿಗೆ ಕಾಣದ ಜೀವಿಗಳಿಂದ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ ಅದು ಏರುತ್ತಾ ಹೋಯಿತು. ಮೊದಲು ಹುಚ್ಚೆದ್ದು ಕುಣಿದು ಸತ್ತದ್ದು ಮೀನು ತಿಂದ ಬೆಕ್ಕುಗಳು. 1956ರ ಏಪ್ರಿಲ್‌ನಲ್ಲಿ ಐದು ವರ್ಷದ ಹುಡುಗಿಯೊಬ್ಬಳನ್ನು ಕಾರ್ಖಾನೆಯ ಆಸ್ಪತ್ರೆಗೆ ಹೊತ್ತು ತಂದರು. ಕೆಲವೇ ದಿನಗಳಲ್ಲಿ ಅವಳ ತಂಗಿಯೂ ಬಂದಳು. ಮೇ 1ರಂದು ಆಸ್ಪತ್ರೆಯ ಮುಖ್ಯಸ್ಥ ಹಜಿಮೆ ಹೊಸೊಕಾವ, ನರಮಂಡಲದ ಗೊತ್ತಿಲ್ಲದ ರೋಗವೊಂದು ಹಬ್ಬುತ್ತಿದೆ ಎಂದು ಆರೋಗ್ಯ ಕಚೇರಿಗೆ ವರದಿ ಕೊಟ್ಟರು. ಮೂರು ವರ್ಷದ ಬಳಿಕ, 1959ರಲ್ಲಿ, ಅವರೇ ಕಾರ್ಖಾನೆಯ ಹೊರನೀರನ್ನು ಬೆಕ್ಕೊಂದರ ಊಟಕ್ಕೆ ಬೆರೆಸಿ ನೋಡಿದರು. ದಾಖಲೆಯಲ್ಲಿ ಅದು 400ನೇ ಬೆಕ್ಕು. ಅದಕ್ಕೂ ಅದೇ ರೋಗ ಬಂತು. ಆ ಫಲಿತಾಂಶ ಹೊರಗೆ ಬರದಂತೆ ಕಂಪನಿ ನೋಡಿಕೊಂಡಿತು. ಹನ್ನೊಂದು ವರ್ಷದ ಮೇಲೆ, ಕ್ಯಾನ್ಸರಿನಿಂದ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಗ, ಹೊಸೊಕಾವ ಅದನ್ನು ನ್ಯಾಯಾಲಯದ ಮುಂದೆ ಸಾಕ್ಷಿಯಾಗಿ ನುಡಿದರು. ಅಷ್ಟರಲ್ಲಿ ಇನ್ನೆಷ್ಟು ಬಸುರಿಯರು ಆ ಮೀನು ತಿಂದಿದ್ದರೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಹರಾದ ಊರೂರು ತಿರುಗಿ ಅಂಥ ಮಕ್ಕಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದರು. ಎಲ್ಲರ ಲಕ್ಷಣ ಒಂದೇ. ಹುಟ್ಟಿದ ಕಾಲ ಒಂದೇ, ಕಡಲ ಬದಿ ಒಂದೇ. ತೀರಿಹೋದ ಮಕ್ಕಳ ಮೆದುಳನ್ನು ಪರೀಕ್ಷಿಸಿದಾಗ ಸಂಶಯಕ್ಕೆ ಎಡೆ ಉಳಿಯಲಿಲ್ಲ. 1962ರಲ್ಲಿ ಈ ಮಕ್ಕಳದೂ ಮಿನಮಾಟ ರೋಗವೇ, ಗರ್ಭದಲ್ಲಿರುವಾಗಲೇ ತಗುಲಿದ್ದು ಎಂದು ಅಧಿಕೃತವಾಗಿ ಒಪ್ಪಲಾಯಿತು.

ಆದರೆ ಗರ್ಭದೊಳಗೆ ಪಾದರಸ ಇತ್ತೆಂಬುದಕ್ಕೆ ನೇರ ಪುರಾವೆ? ಮಕ್ಕಳು ಹುಟ್ಟಿ ವರ್ಷಗಳು ಕಳೆದಿದ್ದವು. ರಕ್ತದಲ್ಲಿ, ಕೂದಲಲ್ಲಿ ಇದ್ದದ್ದು ಹೋಗಿಬಿಟ್ಟಿತ್ತು. ಪುರಾವೆ ಸಿಕ್ಕಿದ್ದು ಮನೆಯ ಸಂದೂಕದಲ್ಲಿ. ಮಗುವಿನ ಒಣಗಿದ ಹೊಕ್ಕುಳಬಳ್ಳಿಯ ತುಂಡನ್ನು ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದು ಜಪಾನೀಯರ ಹಳೆಯ ಪದ್ಧತಿ. ಪೆಟ್ಟಿಗೆಯ ಜೊತೆಗೆ ಹುಟ್ಟಿದ ದಿನದ ವಿವರವೂ ಇರುತ್ತದೆ. ನಮ್ಮಲ್ಲಿಯೂ ಕೆಲವು ಮನೆಗಳಲ್ಲಿ ಬಿದ್ದ ಹೊಕ್ಕುಳಬಳ್ಳಿಯನ್ನು ತಾಯಿತದೊಳಗಿಟ್ಟು ಮಗುವಿಗೆ ಕಟ್ಟುವುದುಂಟಲ್ಲ, ಹಾಗೆ. ತಾಯಂದಿರು ತೆಗೆದುಕೊಟ್ಟ ಆ ಒಣತುಂಡುಗಳಲ್ಲಿ ಮೀಥೈಲ್ ಪಾದರಸ ಹಾಗೆಯೇ ಕುಳಿತಿತ್ತು. ಹರಾದ ಮತ್ತು ಜೊತೆಗಾರರು ವರ್ಷವಾರು ಅಳೆದು ನೋಡಿದರು. ಕಾರ್ಖಾನೆಯ ಅಸಿಟಾಲ್ಡಿಹೈಡ್ ಉತ್ಪಾದನೆ ಏರಿದ ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಬಳ್ಳಿಯಲ್ಲಿ ಪಾದರಸ ಏರಿತ್ತು, ಇಳಿದ ವರ್ಷಗಳಲ್ಲಿ ಇಳಿದಿತ್ತು. 1975ರಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಂಪನಿ ಮುಚ್ಚಿಟ್ಟದ್ದನ್ನು ತಾಯಂದಿರು ತಮಗೇ ಗೊತ್ತಿಲ್ಲದೆ ಜೋಪಾನ ಮಾಡಿಟ್ಟಿದ್ದರು.

ಮಾಸು ಏಕೆ ತಡೆಯಲಿಲ್ಲ ಎಂಬುದು ತಿಳಿದದ್ದು ಇನ್ನೂ ತಡವಾಗಿ. ಮೀಥೈಲ್ ಪಾದರಸವು ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಳ್ಳುತ್ತದೆ. ಆಗ ಅದು ದೇಹಕ್ಕೆ ಬೇಕೇಬೇಕಾದ ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲದಂತೆ ಕಾಣುತ್ತದೆ. ಕೂಸಿಗೆ ಆಹಾರ ಸಾಗಿಸುವ ಬಾಗಿಲೇ ಅದಕ್ಕೆ ತೆರೆದುಕೊಳ್ಳುತ್ತದೆ. ಹೀಗಾಗಿ ತಾಯಿಯ ರಕ್ತಕ್ಕಿಂತ ಹೊಕ್ಕುಳಬಳ್ಳಿಯ ರಕ್ತದಲ್ಲಿಯೇ ಪಾದರಸ ಹೆಚ್ಚು. ತಾಯಿ ಗಟ್ಟಿಯಾಗಿದ್ದು ಕೂಸು ನಲುಗುವುದಕ್ಕೆ ಕಾರಣ ಇಲ್ಲಿದೆ. ದೊಡ್ಡವರ ಮೆದುಳಿನಲ್ಲಿ ಈ ವಿಷ ಕೆಲವು ಜಾಗಗಳನ್ನು ಮಾತ್ರ ಹಾಳುಮಾಡುತ್ತದೆ. ಗರ್ಭದಲ್ಲಿರುವ ಕೂಸಿನ ಮೆದುಳಿನಲ್ಲಿ ಜೀವಕೋಶಗಳು ಇನ್ನೂ ಒಡೆದು ಎರಡಾಗುತ್ತಾ, ತಂತಮ್ಮ ಜಾಗ ಹುಡುಕಿ ಸಾಗುತ್ತಾ ಇರುತ್ತವೆ. ಆ ಸಾಗಾಟವನ್ನೇ ವಿಷ ಕೆಡಿಸುತ್ತದೆ. ಕಟ್ಟಿದ ಮನೆಯ ಒಂದು ಗೋಡೆ ಬಿರುಕು ಬಿಡುವುದು ಬೇರೆ, ಪಾಯ ಹಾಕುವಾಗಲೇ ಮೇಸ್ತ್ರಿಯ ದಾರ ತಪ್ಪುವುದು ಬೇರೆ.

ಎಷ್ಟು ಪಾದರಸ ಎಷ್ಟು ಕೇಡು ಮಾಡುತ್ತದೆ ಎಂಬ ಲೆಕ್ಕ ಬಂದದ್ದು ಇನ್ನೊಂದು ದುರಂತದಿಂದ. ಅಲ್ಲಿ ಮೀನು ಇರಲಿಲ್ಲ, ರೊಟ್ಟಿ ಇತ್ತು. 1971ರ ಕೊನೆಯಲ್ಲಿ ಇರಾಕಿಗೆ ಪಾದರಸದ ಶಿಲೀಂಧ್ರನಾಶಕ ಲೇಪಿಸಿದ ಬಿತ್ತನೆ ಗೋಧಿ ಬಂತು. ಚೀಲದ ಮೇಲಿದ್ದ ಎಚ್ಚರಿಕೆ ಹಳ್ಳಿಯವರಿಗೆ ತಿಳಿಯದ ಭಾಷೆಯಲ್ಲಿತ್ತು. ಬಿತ್ತನೆಯ ಹದ ಎಷ್ಟೋ ಕಡೆ ಮುಗಿದಿತ್ತು. ಜನ ಅದನ್ನು ಬೀಸಿ ರೊಟ್ಟಿ ಸುಟ್ಟರು. 6,530 ಮಂದಿ ಆಸ್ಪತ್ರೆ ಸೇರಿದರು, ಅಲ್ಲಿಯೇ 459 ಮಂದಿ ಸತ್ತರು. ಬಗ್ದಾದಿನ ವೈದ್ಯರ ಜೊತೆ ಕೆಲಸ ಮಾಡಿದ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಥಾಮಸ್ ಕ್ಲಾರ್ಕ್‌ಸನ್ ಅವರ ತಂಡ ತಾಯಂದಿರ ಕೂದಲನ್ನು ಹಿಡಿದು ಲೆಕ್ಕ ಮಾಡಿತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದರೆ, ಬಸುರಿನ ಯಾವ ತಿಂಗಳಲ್ಲಿ ಮೈಗೆ ಎಷ್ಟು ಪಾದರಸ ಸೇರಿತ್ತೆಂದು ದಿನಚರಿಯಂತೆ ಓದಬಹುದು. ಈ ಲೆಕ್ಕದಿಂದ ಒಂದು ಅನುಮಾನ ಎದ್ದಿತು. ಸಾಯುವಷ್ಟಲ್ಲದಿದ್ದರೂ, ದಿನವೂ ಮೀನು ತಿನ್ನುವ ತಾಯಿಗೆ ಬರಬಹುದಾದಷ್ಟೇ ಪಾದರಸ ಮಗುವಿನ ಮೆದುಳನ್ನು ಸ್ವಲ್ಪ ಮಂಕು ಮಾಡೀತೇ?

ಇದಕ್ಕೆ ಉತ್ತರ ಹುಡುಕಿ ಎರಡು ತಂಡಗಳು ಎರಡು ದ್ವೀಪಸಮೂಹಗಳಿಗೆ ಹೋದವು. ಇಡೀ ಕತೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು.

ಒಂದು ಫ್ಯಾರೋ ದ್ವೀಪಗಳು, ಉತ್ತರ ಅಟ್ಲಾಂಟಿಕ್‌ನ ಚಳಿಯಲ್ಲಿ. ಅಲ್ಲಿನ ಜನ ಮೀನಿನ ಜೊತೆಗೆ ಪೈಲಟ್ ತಿಮಿಂಗಿಲದ ಮಾಂಸವನ್ನೂ ತಲೆಮಾರುಗಳಿಂದ ಉಂಡವರು. ಡೆನ್ಮಾರ್ಕಿನ ಫಿಲಿಪ್ ಗ್ರಾನ್‌ಷಾ ಮತ್ತು ಅಲ್ಲಿಯವರೇ ಆದ ವೈದ್ಯ ಪಾಲ್ ವೈಹ 1986-87ರಲ್ಲಿ ಹುಟ್ಟಿದ 1,022 ಮಕ್ಕಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪಾದರಸ ಅಳೆದಿಟ್ಟರು. ಮಕ್ಕಳಿಗೆ ಏಳು ವರ್ಷವಾದಾಗ ಚಿತ್ರ ತೋರಿಸಿ ಹೆಸರು ಕೇಳಿದರು, ನೆನಪನ್ನೂ ಗಮನವನ್ನೂ ಪರೀಕ್ಷಿಸಿದರು. 1997ರಲ್ಲಿ ಬಂದ ಉತ್ತರ: ಹುಟ್ಟುವಾಗ ಪಾದರಸ ಹೆಚ್ಚಿದ್ದ ಮಕ್ಕಳು ಮಾತು, ಗಮನ, ನೆನಪಿನಲ್ಲಿ ತುಸು ಹಿಂದೆ ಬಿದ್ದಿದ್ದರು. ಯಾವ ಮಗುವೂ ಕಾಯಿಲೆಯದಾಗಿ ಕಾಣುತ್ತಿರಲಿಲ್ಲ. ನೂರಾರು ಮಕ್ಕಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಾಣುವ ಕೊರತೆ ಅದು.

ಇನ್ನೊಂದು ಸೇಶೆಲ್ಸ್, ನಮ್ಮದೇ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ತಿಮಿಂಗಿಲ ತಿನ್ನುವುದಿಲ್ಲ, ಪಾದರಸ ಸುರಿಯುವ ಕಾರ್ಖಾನೆ ಇಲ್ಲ, ಆದರೆ ಮೀನಿಲ್ಲದೆ ಊಟ ಇಲ್ಲ. ರಾಚೆಸ್ಟರ್ ತಂಡದ ಗ್ಯಾರಿ ಮಯರ್ಸ್, ಫಿಲಿಪ್ ಡೇವಿಡ್‌ಸನ್, ಕ್ಲಾರ್ಕ್‌ಸನ್ ಅವರು 1989-90ರಲ್ಲಿ ಹುಟ್ಟಿದ 779 ಮಕ್ಕಳನ್ನೂ ಅವರ ತಾಯಂದಿರನ್ನೂ ಗುರುತು ಹಾಕಿಕೊಂಡರು. ಆ ತಾಯಂದಿರು ವಾರಕ್ಕೆ ಸರಾಸರಿ ಹನ್ನೆರಡು ಹೊತ್ತು ಮೀನು ಉಣ್ಣುತ್ತಿದ್ದರು. ಅವರ ಕೂದಲಲ್ಲಿ ಪಾದರಸ ಅಮೆರಿಕದ ಹೆಂಗಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ಮಕ್ಕಳನ್ನು ಒಂಬತ್ತು ವರ್ಷದವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರೂ ಪಾದರಸದಿಂದ ಕೇಡಾಗಿದೆ ಎನ್ನುವಂಥ ಗುರುತು ಸಿಗಲಿಲ್ಲ. ಕೆಲವು ಪರೀಕ್ಷೆಗಳಲ್ಲಿ ಪಾದರಸ ಹೆಚ್ಚಿದ್ದ ಮಕ್ಕಳೇ ಚೆನ್ನಾಗಿ ಮಾಡಿದ್ದರು!

ಎರಡು ತಂಡಗಳೂ ಪ್ರಾಮಾಣಿಕವಾದವು, ಎರಡೂ ವರ್ಷಗಟ್ಟಲೆ ದುಡಿದವು, ಉತ್ತರ ಮಾತ್ರ ಒಂದಕ್ಕೊಂದು ಎದುರು. ಅಮೆರಿಕದ ಸರ್ಕಾರ ತೀರ್ಮಾನಕ್ಕೆ ಬರಲೇಬೇಕಿತ್ತು. 2000ದಲ್ಲಿ ಅಲ್ಲಿನ ತಜ್ಞರ ಸಮಿತಿ ಸುರಕ್ಷಿತ ಮಿತಿಯನ್ನು ಫ್ಯಾರೋ ಅಂಕಿಗಳ ಮೇಲೆ ಕಟ್ಟಬೇಕೆಂದಿತು. 2001ರ ಜನವರಿಯಲ್ಲಿ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರಿಗೆ ಎಚ್ಚರಿಕೆ ಹೊರಡಿಸಿತು: ಶಾರ್ಕ್, ಸ್ವೋರ್ಡ್‌ಫಿಶ್, ಕಿಂಗ್ ಮ್ಯಾಕರೆಲ್, ಟೈಲ್‌ಫಿಶ್ ಮುಟ್ಟಬೇಡಿ, ಉಳಿದ ಮೀನು ವಾರಕ್ಕೆ 12 ಔನ್ಸ್, ಅಂದರೆ ಸುಮಾರು 340 ಗ್ರಾಂ, ದಾಟದಿರಲಿ. ಎಚ್ಚರಿಕೆಯ ಉದ್ದೇಶ ಒಳ್ಳೆಯದು. ಆದರೆ ಹೆಂಗಸರ ಕಿವಿಗೆ ಬಿದ್ದದ್ದು ‘ಮೀನು ಬೇಡ’ ಎಂಬ ಎರಡೇ ಪದ. ಹಾರ್ವರ್ಡಿನ ಎಮಿಲಿ ಓಕೆನ್ ಮತ್ತು ಸಂಗಡಿಗರು ಮ್ಯಾಸಚೂಸೆಟ್ಸ್‌ನ ಗರ್ಭಿಣಿಯರ ಊಟದ ಲೆಕ್ಕ ನೋಡಿದಾಗ, ಎಚ್ಚರಿಕೆಯ ಬಳಿಕ ಅವರು ಮೀನು ತಿನ್ನುವುದೇ ಕಡಿಮೆಯಾಗಿತ್ತು.

ಈ ಕತೆ ತಿರುವು ಪಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಜೀನ್ ಗೋಲ್ಡಿಂಗ್ ಎಂಬ ಸಂಶೋಧಕಿ ಅಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿದ್ದರು. 1991ರ ಏಪ್ರಿಲ್‌ನಿಂದ 1992ರ ಡಿಸೆಂಬರ್ ಒಳಗೆ ಹೆರಿಗೆಯಾಗಬೇಕಿದ್ದ ಏವನ್ ಪ್ರದೇಶದ ಗರ್ಭಿಣಿಯರನ್ನೆಲ್ಲ ಕರೆದು, 14,541 ಬಸಿರುಗಳನ್ನು ದಾಖಲೆಗೆ ತಂದರು. ‘ತೊಂಬತ್ತರ ದಶಕದ ಮಕ್ಕಳು’ ಎಂದೇ ಅದಕ್ಕೆ ಹೆಸರು. ಅವರು ಸಾವಿರಾರು ಮಾಸುಗಳನ್ನು, ರಕ್ತವನ್ನು, ಮುಂದೆ ಮಕ್ಕಳ ಬಿದ್ದ ಹಾಲುಹಲ್ಲುಗಳನ್ನೂ ಕೂಡಿಟ್ಟರು. ಯಾವುದು ಯಾವ ಪ್ರಶ್ನೆಗೆ ಒದಗೀತು ಎಂದು ಆಗ ಗೊತ್ತಿರಲಿಲ್ಲ. ಹೀಗೆ ಮೂವತ್ತು ವರ್ಷ ಮುಂದಿನದನ್ನು ನೆನೆದು ಕೂಡಿಡುವವರು ವಿಜ್ಞಾನದಲ್ಲಿ ಕಡಿಮೆ, ಅವರಿಗೆ ಸಿಗುವ ಮನ್ನಣೆಯೂ ಕಡಿಮೆ.

ಬಸಿರಿನ 32ನೇ ವಾರದಲ್ಲಿ ಆ ತಾಯಂದಿರ ಕೈಗೆ ಒಂದು ಪ್ರಶ್ನಾವಳಿ ಬರುತ್ತಿತ್ತು. ಈಗೀಗ ಬಿಳಿ ಮೀನು ಎಷ್ಟು ಸಲ ತಿನ್ನುತ್ತೀರಿ? ಸಾರ್ಡೀನ್, ಸಾಲ್ಮನ್‌ನಂಥ ಎಣ್ಣೆಯಂಶದ ಮೀನು? ಸಿಗಡಿ, ಏಡಿ, ಚಿಪ್ಪಿನವು? ಅಡುಗೆಮನೆಯ ಮೇಜಿನ ಮೇಲೆ ಕುಳಿತು ಗೀಟು ಹಾಕಿದ ಈ ಹಾಳೆಗಳು ಹದಿನೈದು ವರ್ಷದ ಮೇಲೆ ಮಾತಾಡಿದವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮನೋವೈದ್ಯ ಜೋಸೆಫ್ ಹಿಬ್ಬೆಲ್ನ್ ಒಂದು ನೇರವಾದ ಪ್ರಶ್ನೆ ಹಿಡಿದು ಬ್ರಿಸ್ಟಲ್ ತಂಡವನ್ನು ಸೇರಿಕೊಂಡರು. ಅಮೆರಿಕ ಹೇಳಿದ 340 ಗ್ರಾಂ ಮಿತಿಯನ್ನು ಪಾಲಿಸಿದ ತಾಯಂದಿರ ಮಕ್ಕಳಿಗೆ ನಿಜಕ್ಕೂ ಒಳ್ಳೆಯದಾಯಿತೇ?

11,875 ತಾಯಂದಿರ ಹಾಳೆಗಳು ಲೆಕ್ಕಕ್ಕೆ ಸಿಕ್ಕವು. ನೂರರಲ್ಲಿ 12 ಮಂದಿ ಮೀನು ತಿನ್ನದವರು, 65 ಮಂದಿ ಮಿತಿಯ ಒಳಗಿದ್ದವರು, 23 ಮಂದಿ ಮಿತಿ ದಾಟಿದವರು. ಎಚ್ಚರಿಕೆ ಸರಿಯಾಗಿದ್ದರೆ ಕೊನೆಯ ಗುಂಪಿನ ಮಕ್ಕಳು ಹಿಂದೆ ಬೀಳಬೇಕಿತ್ತು. ಆದದ್ದು ತಿರುಗುಮುರುಗು. ಎಂಟನೆಯ ವಯಸ್ಸಿನ ಬುದ್ಧಿಪರೀಕ್ಷೆಯ ಮಾತಿನ ಭಾಗದಲ್ಲಿ ಕೊನೆಯ ಕಾಲುಭಾಗಕ್ಕೆ ಬೀಳುವ ಸಾಧ್ಯತೆ, ಮಿತಿ ದಾಟಿ ತಿಂದವರ ಮಕ್ಕಳಿಗೆ ಹೋಲಿಸಿದರೆ ಮೀನು ತಿನ್ನದವರ ಮಕ್ಕಳಿಗೆ ಸುಮಾರು ಒಂದೂವರೆ ಪಟ್ಟು ಇತ್ತು. ಕೈಬೆರಳಿನ ಹಿಡಿತ, ಇತರರೊಡನೆ ಬೆರೆಯುವುದು, ಮಾತುಕತೆ, ಇವುಗಳಲ್ಲೂ ಹೆಚ್ಚುಕಡಿಮೆ ಇದೇ ಜಾಡು. 2007ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಓದುಗರು ಇಲ್ಲಿ ಒಂದು ಪ್ರಶ್ನೆ ಕೇಳಬೇಕು, ಕೇಳುವುದು ಸರಿಯೂ ಹೌದು. ಮೀನು ಕೊಂಡು ತಿನ್ನುವ ತಾಯಿ ಹೆಚ್ಚು ಓದಿದವಳೂ ಅನುಕೂಲಸ್ಥಳೂ ಆಗಿರಬಹುದಲ್ಲ? ಮಗು ಚುರುಕಾದದ್ದು ಮೀನಿನಿಂದಲೋ ಮನೆಯ ಅನುಕೂಲದಿಂದಲೋ? ಸಂಶೋಧಕರು ತಾಯಿಯ ಓದು, ಮನೆಯ ಸ್ಥಿತಿ, ಸಿಗರೇಟು, ಎದೆಹಾಲು, ಉಳಿದ ಆಹಾರ ಎಂದು 28 ಸಂಗತಿಗಳನ್ನು ಲೆಕ್ಕದಿಂದ ಕಳೆದ ಮೇಲೂ ಜಾಡು ಉಳಿಯಿತು. ಆದರೂ ಇಂಥ ಅಧ್ಯಯನ ಸಂಬಂಧವನ್ನು ತೋರಿಸೀತೇ ಹೊರತು ಕಾರಣವನ್ನು ಕೈಯಲ್ಲಿಟ್ಟು ಕೊಡಲಾರದು. ಇದನ್ನು ಮರೆತು ‘ಮೀನು ತಿಂದರೆ ಮಗು ಚುರುಕಾಗುತ್ತದೆ’ ಎಂದು ಸಾರುವುದು ತಪ್ಪು.

ಹಾಗಾದರೆ ಫ್ಯಾರೋ ಸುಳ್ಳೇ? ಅಲ್ಲ. ಗಂಟು ಬಿಡಿಸಿದ್ದು ಮೂರು ಕಡೆಯ ಅಂಕಿಗಳು. 2005ರಲ್ಲಿ ಓಕೆನ್ ಅವರ ತಂಡ 135 ತಾಯಿ-ಕೂಸುಗಳಲ್ಲಿ ಮೀನನ್ನೂ ಪಾದರಸವನ್ನೂ ಬೇರೆ ಬೇರೆ ಅಳೆಯಿತು. ಆರು ತಿಂಗಳ ಕೂಸಿಗೆ ಒಂದು ಮುಖದ ಚಿತ್ರ ತೋರಿಸಿ, ಆಮೇಲೆ ಅದರ ಪಕ್ಕ ಹೊಸ ಮುಖವನ್ನಿಟ್ಟರೆ, ನೆನಪಿರುವ ಕೂಸು ಹೊಸದರ ಕಡೆಗೆ ಹೆಚ್ಚು ಹೊತ್ತು ನೋಡುತ್ತದೆ. ತಾಯಿ ಹೆಚ್ಚು ಮೀನು ತಿಂದಿದ್ದಷ್ಟೂ ಈ ನೆನಪು ಚೆನ್ನಾಗಿತ್ತು, ತಾಯಿಯ ಕೂದಲಲ್ಲಿ ಪಾದರಸ ಹೆಚ್ಚಿದ್ದಷ್ಟೂ ಕೆಟ್ಟಿತ್ತು. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಮೀನು ತಿಂದೂ ಪಾದರಸ ಕಡಿಮೆ ಇದ್ದ ತಾಯಂದಿರ ಕೂಸುಗಳು ಎಲ್ಲರಿಗಿಂತ ಮುಂದಿದ್ದವು. 2007ರಲ್ಲಿ ಫ್ಯಾರೋ ತಂಡವೇ ತನ್ನ ಹಳೆಯ ಅಂಕಿಗಳನ್ನು ಮತ್ತೆ ಬಗೆದು ನೋಡಿತು. ಮೀನಿನ ಒಳಿತನ್ನು ಬೇರೆ ತೆಗೆದಿಟ್ಟರೆ ಪಾದರಸದ ಕೇಡು ಮೊದಲಿಗಿಂತ ದೊಡ್ಡದಾಗಿ ಕಂಡಿತು, ಪಾದರಸವನ್ನು ಬೇರೆ ತೆಗೆದಿಟ್ಟರೆ ಮೀನಿನ ಒಳಿತು ಎದ್ದು ಕಂಡಿತು. 2001ರಲ್ಲಿ ಶುರುವಾದ ಸೇಶೆಲ್ಸ್‌ನ ಎರಡನೆಯ ಅಧ್ಯಯನದಲ್ಲೂ ತಾಯಿಯ ಒಮೆಗಾ-3ರ ಲೆಕ್ಕ ಸೇರಿಸಿದಾಗ, ಅಲ್ಲಿಯವರೆಗೆ ಕಾಣದಿದ್ದ ಪಾದರಸದ ನೆರಳು ಕಾಣಿಸಿಕೊಂಡಿತು. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲವಿದ್ದರೆ ಹಗ್ಗ ಅಲುಗುವುದಿಲ್ಲ, ದೂರದಿಂದ ನೋಡಿದವರಿಗೆ ಯಾರೂ ಎಳೆಯುತ್ತಿಲ್ಲ ಅನಿಸುತ್ತದೆ. ಸೇಶೆಲ್ಸ್‌ನಲ್ಲಿ ಮೀನು ಗೆಲ್ಲುತ್ತಿತ್ತು. ಫ್ಯಾರೋದಲ್ಲಿ ತಿಮಿಂಗಿಲದ ಪಾದರಸ ಗೆಲ್ಲುತ್ತಿತ್ತು. 2008ರಲ್ಲಿ ವೈಹ ಮತ್ತು ದ್ವೀಪದ ಮುಖ್ಯ ವೈದ್ಯಾಧಿಕಾರಿ, ಪೈಲಟ್ ತಿಮಿಂಗಿಲ ಇನ್ನು ಮನುಷ್ಯರ ಊಟಕ್ಕೆ ತಕ್ಕುದಲ್ಲ ಎಂದು ತಮ್ಮದೇ ಜನಕ್ಕೆ ಹೇಳಿದರು. ತಲೆಮಾರುಗಳ ಊಟವನ್ನು ಬಿಡಿ ಎಂದು ಊರಿನವರಿಗೆ ಊರಿನವರೇ ಹೇಳುವುದಕ್ಕೆ ಗಟ್ಟಿ ಎದೆ ಬೇಕು.

ಮೀನಿನಲ್ಲಿ ಮೆದುಳಿಗೆ ಒದಗುವುದು ಏನು? ಎಲ್ಲರೂ ಬೆರಳು ತೋರಿಸುವುದು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನ ಕಡೆಗೆ. ಮೆದುಳಿನ ಜೀವಕೋಶಗಳ ಪೊರೆಯಲ್ಲಿ, ಕಣ್ಣಿನ ಅಕ್ಷಿಪಟಲದಲ್ಲಿ ಅದು ತುಂಬಿರುತ್ತದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಕೂಸು ಅದನ್ನು ತಾಯಿಯಿಂದ ಭರದಿಂದ ಸೆಳೆದುಕೊಳ್ಳುತ್ತದೆ. ಹಾಗಾದರೆ ಮೀನಿನ ಗೊಡವೆ ಬಿಟ್ಟು ಮಾತ್ರೆ ನುಂಗಿದರಾಯಿತಲ್ಲ? ಆಸ್ಟ್ರೇಲಿಯದಲ್ಲಿ ಮರಿಯಾ ಮಕ್ರಿಡಿಸ್ ತಂಡ 2,399 ಗರ್ಭಿಣಿಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ದಿನಕ್ಕೆ 800 ಮಿಲಿಗ್ರಾಂ ಡಿಎಚ್‌ಎ ಕೊಟ್ಟಿತು. 2010ರಲ್ಲಿ ಬಂದ ಫಲಿತಾಂಶದಂತೆ ಒಂದೂವರೆ ವರ್ಷದ ಮಕ್ಕಳ ಬುದ್ಧಿ ಬೆಳವಣಿಗೆಯಲ್ಲಿ ವ್ಯತ್ಯಾಸವಿರಲಿಲ್ಲ. ನಮ್ಮ ಬೆಳಗಾವಿಯಲ್ಲಿಯೂ ಇಂಥದೇ ಪ್ರಯೋಗ ನಡೆದಿದೆ. 957 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಪಾಚಿಯಿಂದ ತೆಗೆದ ಡಿಎಚ್‌ಎಯನ್ನು ದಿನಕ್ಕೆ 400 ಮಿಲಿಗ್ರಾಂನಂತೆ, ಹೆರಿಗೆಯಾಗಿ ಆರು ತಿಂಗಳವರೆಗೆ ಕೊಟ್ಟರು. ಒಂದು ವರ್ಷದ ಕೂಸುಗಳನ್ನು ಪರೀಕ್ಷಿಸಿದಾಗ ಎರಡು ಗುಂಪೂ ಒಂದೇ ಮಟ್ಟದಲ್ಲಿದ್ದವು.

ಆದ್ದರಿಂದ ಮೀನಿನ ಬಟ್ಟಲಲ್ಲಿ ಡಿಎಚ್‌ಎ ಒಂದೇ ಇಲ್ಲ ಎಂಬ ಕಡೆಗೆ ಯೋಚನೆ ಹೊರಳಿತು. ಅಯೋಡಿನ್ ಇದೆ, ಸೆಲೆನಿಯಂ ಇದೆ, ವಿಟಮಿನ್ ಡಿ ಇದೆ, ಬಿ12 ಇದೆ, ಒಳ್ಳೆಯ ಪ್ರೋಟೀನ್ ಇದೆ. 2013ರಲ್ಲಿ ಸರ‍್ರೆ ವಿಶ್ವವಿದ್ಯಾಲಯದ ಸಾರಾ ಬಾತ್ ಮತ್ತು ಮಾರ್ಗರೆಟ್ ರೇಮನ್ ಬ್ರಿಸ್ಟಲ್ ಉಗ್ರಾಣದಲ್ಲಿದ್ದ ಸಾವಿರದಷ್ಟು ತಾಯಂದಿರ ಹಳೆಯ ಮೂತ್ರದ ಮಾದರಿಗಳಲ್ಲಿ ಅಯೋಡಿನ್ ಅಳೆದರು. ಮೂರರಲ್ಲಿ ಎರಡು ಪಾಲು ತಾಯಂದಿರಿಗೆ ಅದು ಕಡಿಮೆಯಿತ್ತು, ಅವರ ಮಕ್ಕಳು ಮಾತಿನ ಪರೀಕ್ಷೆಯಲ್ಲಿ, ಓದಿನಲ್ಲಿ ಹಿಂದಿದ್ದರು. ಇಂಗ್ಲೆಂಡಿನಲ್ಲಿ ನಮ್ಮಂತೆ ಅಯೋಡಿನ್ ಬೆರೆಸಿದ ಉಪ್ಪಿನ ವಾಡಿಕೆ ಇಲ್ಲ. ಮೀನು ತಿಂದವರಿಗೆ ಸಿಕ್ಕ ಒಳಿತಿನಲ್ಲಿ ಅಯೋಡಿನ್‌ನ ಪಾಲೂ ಇದ್ದಿರಬೇಕು. ಶಾಕಾಹಾರಿ ತಾಯಂದಿರು ಗಾಬರಿಯಾಗಬೇಕಿಲ್ಲ. ಅಯೋಡಿನ್ ಉಪ್ಪು, ಹಾಲು ಮೊಸರು, ವೈದ್ಯರು ಬರೆದುಕೊಟ್ಟ ಬಿ12 ಮತ್ತು ಕಬ್ಬಿಣದ ಮಾತ್ರೆ ಇವುಗಳನ್ನು ತಪ್ಪಿಸದಿರುವುದು ಅವರಿಗೆ ಮುಖ್ಯ. ಮೀನು ತಿನ್ನುವ ಮನೆಯವರು ಮಾತ್ರ ಬಸಿರಿನಲ್ಲಿ ಅದನ್ನು ಸುಮ್ಮನೆ ಬಿಡಬಾರದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊನೆಯ ಮೂರು ತಿಂಗಳು ಮೀನು ತಿನ್ನದ ಗರ್ಭಿಣಿಯರಿಗೆ ಕಡಿಮೆ ತೂಕದ ಕೂಸು ಹುಟ್ಟುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚಿತ್ತು.

ಬ್ರಿಸ್ಟಲ್ ತಂಡ ಮುಂದೆ ನಾಲ್ಕು ಸಾವಿರಕ್ಕೂ ಹೆಚ್ಚು ತಾಯಂದಿರ ರಕ್ತದಲ್ಲಿ ಪಾದರಸವನ್ನೇ ಅಳೆಯಿತು. ಮೀನು ತಿನ್ನುವ ತಾಯಂದಿರ ಮಕ್ಕಳಲ್ಲಿ ಅಷ್ಟು ಪಾದರಸದಿಂದ ತೊಂದರೆ ಕಾಣಲಿಲ್ಲ. ಅಮೆರಿಕದ ಇಲಾಖೆಯೂ ತನ್ನ ಮಾತು ತಿದ್ದಿಕೊಂಡಿತು. 2017ರ ಸಲಹೆಯಲ್ಲಿ ಗರ್ಭಿಣಿಯರು ಪಾದರಸ ಕಡಿಮೆ ಇರುವ ಮೀನನ್ನು ವಾರಕ್ಕೆ 8ರಿಂದ 12 ಔನ್ಸ್, ಎರಡು ಮೂರು ಹೊತ್ತಿನ ಊಟವಾಗಿ, ತಿನ್ನಬೇಕು ಎಂದಿದೆ. ‘ಇದನ್ನು ದಾಟಬೇಡಿ’ ಎಂದಿದ್ದವರು ‘ಇಷ್ಟನ್ನಾದರೂ ತಿನ್ನಿ’ ಎನ್ನುವುದಕ್ಕೆ ಹದಿನಾರು ವರ್ಷ ಬೇಕಾಯಿತು.

ನಮ್ಮ ಕರಾವಳಿಯ ಮಟ್ಟಿಗೆ ಇಲ್ಲೊಂದು ಹೆಸರಿನ ಗೊಂದಲವಿದೆ. ಅಮೆರಿಕದ ಪಟ್ಟಿಯಲ್ಲಿ ‘ಕಿಂಗ್ ಮ್ಯಾಕರೆಲ್ ಬೇಡ’ ಎಂದಿದೆ. ನಮ್ಮ ಬಂಗುಡೆಯನ್ನೂ ಇಂಗ್ಲಿಷಿನಲ್ಲಿ ಮ್ಯಾಕರೆಲ್ ಎನ್ನುತ್ತಾರೆ. ಮೊಬೈಲಿನಲ್ಲಿ ಆ ಪಟ್ಟಿ ಓದಿದ ಮಗಳು, ತಾಯಿ ಮಾಡಿದ ಬಂಗುಡೆ ಪುಳಿಮುಂಚಿಯನ್ನು ಪಕ್ಕಕ್ಕೆ ಸರಿಸುವುದು ಸುಲಭ. ಆದರೆ ಕಿಂಗ್ ಮ್ಯಾಕರೆಲ್ ಗಂಡಸಿನ ತೋಳುದ್ದ ಬೆಳೆಯುವ, ಇತರ ಮೀನುಗಳನ್ನು ತಿಂದು ಬದುಕುವ ಮೀನು, ನಮ್ಮ ಅಂಜಲ್‌ನ ದಾಯಾದಿ. ಬಂಗುಡೆ ಅಂಗೈಗಿಂತ ತುಸು ಉದ್ದ, ಕೆಲವೇ ವರ್ಷ ಬದುಕಿ, ಕಡಲಿನ ಸಣ್ಣ ಸಣ್ಣ ಜೀವಿಗಳನ್ನು ತಿನ್ನುವಂಥದು. ಪಾದರಸ ಕೂಡಿಕೊಳ್ಳುವುದು ವಯಸ್ಸಿನಿಂದ ಮತ್ತು ಬೇಟೆಯಿಂದ. ಬೂತಾಯಿ, ಬಂಗುಡೆ, ಬೊಳಿಂಜಿರ್‌ನಂಥ ಸಣ್ಣ ಮೀನುಗಳಿಗೆ ಅದಕ್ಕೆ ಪುರಸೊತ್ತೂ ಇಲ್ಲ, ಅಷ್ಟು ಬೇಟೆಯೂ ಇಲ್ಲ, ಒಮೆಗಾ-3 ಮಾತ್ರ ಬೂತಾಯಿ, ಬಂಗುಡೆಗಳಲ್ಲಿ ಧಾರಾಳ. ಪಟ್ಟಿಯಲ್ಲಿರುವ ಶಾರ್ಕ್ ಎಂದರೆ ನಮ್ಮ ತಾಟೆ. ಬಾಣಂತಿಗೆ ಹಾಲು ಹೆಚ್ಚುತ್ತದೆಂದು ಮರಿ ತಾಟೆಯ ಸಾರು ಕೊಡುವ ರೂಢಿ ನಮ್ಮಲ್ಲಿದೆ. ಹಿರಿಯರು ಮರಿಯನ್ನೇ ಆರಿಸಿದ್ದು ಒಳ್ಳೆಯದಾಯಿತು. ದೊಡ್ಡ ತಾಟೆಯ ತುಂಡು ಬಸುರಿಗೂ ಬಾಣಂತಿಗೂ ಬೇಡ. ಟ್ಯೂನಾ ಜಾತಿಯ ದೊಡ್ಡ ಕೇದರವನ್ನೂ ಪದೇಪದೇ ಕೊಡಬೇಡಿ.

ಇದನ್ನು ಓದುತ್ತಿರುವ ಕರಾವಳಿಯ ವೈದ್ಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ಆರೋಗ್ಯ ಇಲಾಖೆಯವರಲ್ಲಿ ನನ್ನದೊಂದು ಕೋರಿಕೆ. ಬಸುರಿಯ ಕೈಗೆ ಕೊಡುವ ತಾಯಿ ಕಾರ್ಡಿನಲ್ಲಿ ಅರ್ಧ ಪುಟ ಮೀನಿಗೆ ಮೀಸಲಿಡಿ. ಯಾವುದು ವಾರಕ್ಕೆ ಎರಡು ಮೂರು ಹೊತ್ತು ತಿನ್ನಬೇಕಾದದ್ದು, ಯಾವುದು ಬೇಡದ್ದು ಎಂದು ಅದರಲ್ಲಿ ಬರೆಯಿರಿ. ಹೆಸರುಗಳನ್ನು ಇಂಗ್ಲಿಷಿನ ಪಟ್ಟಿಯಿಂದ ಇಳಿಸಿಕೊಳ್ಳಬೇಡಿ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ ಕೂಗುವ ಹೆಸರುಗಳಲ್ಲೇ ಬರೆಯಿರಿ.